ಕೊಲೆಗಾರನ ಹೆಸರಿಗೆ ಇಲಾಖೆಯ ಅಡಿಬರಹ

ನಮ್ಮ ಅಳತೆ ಮತ್ತು ತೂಕ ಇಲಾಖೆಯಿಂದ ಯಾವ ಇ-ಮೇಲ್ ಕೂಡ ಅಡಿಬರಹವಿಲ್ಲದೆ ಹೊರಹೋಗುವುದಿಲ್ಲ. ಸದರಿ ಅಡಿಬರಹವು ಹೀಗಿದೆ: "ಈ ಸಂದೇಶವು ಗೋಪ್ಯವಾಗಿದ್ದು ವಿಳಾಸದಾರರಿಗೆ ಮಾತ್ರ ಸೇರಿದ್ದಾಗಿದೆ. ತಾವು ವಿಳಾಸದಾರರಲ್ಲದಿದ್ದಲ್ಲಿ ಇದನ್ನು ಕೂಡಲೇ ನಾಶಪಡಿಸಿ, ವಿಷಯವನ್ನು ಮರೆತುಬಿಡತಕ್ಕದ್ದು." ಅದರ ಕೆಳಗೆ ನಿರ್ದೇಶಕರ ನಗುಮುಖದ ಬಣ್ಣದ ಭಾವಚಿತ್ರ. ಇದನ್ನು ಯಂತ್ರಕ್ಕೆ ಅಳವಡಿಸಿದವನು ಇಲಾಖೆಯ ಇ-ಮೇಲ್ ಮೇಲ್ವಿಚಾರಕನಾದ ನಾನೇ. ಊಟಕ್ಕೆ ಬರುವುದು ತಡವಾಗುತ್ತದೆಂದು ಹೆಂಡತಿಗೆ ಬರೆದರೂ ಅಡಿಬರಹ ಹೋಗುತ್ತದೆ, ಮತ್ತು ಅವಳು ಆ ಸಂಗತಿಯನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಇಷ್ಟು ಸುವ್ಯವಸ್ಥಿತವಾದ ಕಚೇರಿಯಲ್ಲಿ ತಕ್ಕಡಿ ಪರೀಕ್ಷಕಿಯ ಪ್ರಕರಣ ಉದ್ಭವಿಸಿತು.

ಪರೀಕ್ಷಕಿ ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗಳ ಹೊಟ್ಟೆ ಬಿಚ್ಚಿ, ಒಳಗಿನ ಪ್ರೋಗ್ರಾಂ ಓದಿ, ಎಲ್ಲಿ ಮೋಸವಿದೆಯೆಂದು ಹಿಡಿಯುವವರು. ಅವರ ತಂದೆ ನಿವೃತ್ತ ರೈಲು ಚಾಲಕರು. ಕಣ್ಣು ಪೂರ್ತಿ ಹೋಗಿದೆ. ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. 'ಓದುಗ' ಎಂಬ ಮುಕ್ತ ತಂತ್ರಾಂಶ ಅವರಿಗೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮುಕ್ತ ಎಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು, ಆ ರಿಪೇರಿಯನ್ನು ಇ-ಮೇಲ್‌ನಲ್ಲಿ ಕಳಿಸಿದರೆ ಒಪ್ಪಿಗೆಯಾದ ಮೇಲೆ ಲೋಕಕ್ಕೆಲ್ಲ ಹಂಚುತ್ತಾರೆ. ಇಂಥ ಯಾವುದೋ ಹಂಚಿಕೆಯಲ್ಲಿ ಓದುಗನಿಗೆ ಒಂದು ರೋಗ ತಗುಲಿತು. ಅದು ಪ್ರತಿ ಪುಸ್ತಕದ ಕೊನೆಯ ಸಾಲನ್ನು ನುಂಗತೊಡಗಿತು. ರೈಲು ಚಾಲಕರ ಮೆಚ್ಚಿನ ಕಾದಂಬರಿಗಳಲ್ಲಿ ಕೊಲೆಗಾರ ಯಾರೆಂದು ತಿಳಿಯುವುದೇ ಕೊನೆಯ ಸಾಲಿನಲ್ಲಿ.

"ನೀವೇ ಓದಿ ಹೇಳಬಹುದಲ್ಲ?" ಎಂದು ನಾನು ಕೇಳಿದ್ದುಂಟು.

"ಹೇಳಿದ್ದೆ ಸರ್," ಎಂದರು ಪರೀಕ್ಷಕಿ. "ಒಂದ್ಸಲ ಅಪ್ಪನಿಗೆ ಬೇಜಾರಾಗಬಾರದು ಅಂತ ಅವರು ಊಹೆ ಮಾಡಿದವನ ಹೆಸರನ್ನೇ ಹೇಳಿಬಿಟ್ಟೆ. ಅದು ಗೊತ್ತಾಗಿಹೋಯ್ತು. ಅವತ್ತಿಂದ ನನ್ನ ಮಾತು ನಂಬಲ್ಲ."

ರೈಲು ಚಾಲಕರು ಪ್ರತಿ ಮಧ್ಯಾಹ್ನ ನಮ್ಮ ವಿಭಾಗಕ್ಕೆ ಫೋನ್ ಮಾಡುತ್ತಿದ್ದರು. "ಏನ್ ಸ್ವಾಮಿ, ಕೊನೇ ಸಾಲು ಯಾವಾಗ ಬರತ್ತೆ? ಮನೆ ತುಂಬ ಕೊಲೆಗಾರರು ತಲೆಮರೆಸಿಕೊಂಡು ಓಡಾಡ್ತಿದಾರೆ. ಡಾಕ್ಟರು, ಅಡುಗೆಯವನು, ಸೋದರಳಿಯ, ಒಬ್ಬನ್ನೂ ಹಿಡಿಯೋಕಾಗ್ತಿಲ್ಲ." ಬರಬರುತ್ತಾ ಫೋನ್ ನಿಂತಿತು. ಅಪ್ಪ ಈಗ ಪುಸ್ತಕವೇ ಬೇಡ ಅನ್ನುತ್ತಾರೆ, ಯಂತ್ರಕ್ಕೆ ಬೆನ್ನು ಹಾಕಿ ಗೋಡೆ ಕಡೆ ಕೂತಿರುತ್ತಾರೆ ಎಂದು ಪರೀಕ್ಷಕಿ ಹೇಳಿದಾಗ ನನ್ನ ಕರುಳು ಚುರ್ರೆಂದಿತು. ಆದರೆ ಕರುಳಿಗೆ ಸಂಬಂಧಿಸಿದ ಯಾವ ನಿಯಮವೂ ನಮ್ಮ ಇಲಾಖೆಯಲ್ಲಿಲ್ಲ.

ಪರೀಕ್ಷಕಿ ಊಟದ ವಿರಾಮದಲ್ಲಿ ಓದುಗನ ಹೊಟ್ಟೆ ಬಿಚ್ಚಿ, ತಪ್ಪಿದ ಒಂದು ಲೆಕ್ಕವನ್ನು ಸರಿಮಾಡಿದರು. ಮನೆಯ ಯಂತ್ರದಲ್ಲಿ ಮಾತ್ರ ಸರಿಮಾಡಿದರೆ ಮರುದಿನ ಬರುವ ಹೊಸ ಪ್ರತಿ ಅದನ್ನು ಅಳಿಸಿಹಾಕುತ್ತಿತ್ತು. ಆದ್ದರಿಂದ ರಿಪೇರಿಯನ್ನು ಓದುಗನ ಉಸ್ತುವಾರಿ ಗುಂಪಿಗೆ ಕಳಿಸಲೇಬೇಕಿತ್ತು. ಸ್ವಂತ ಇ-ಮೇಲ್‌ನಿಂದ ಕಳಿಸಲು ಹೊರಟಾಗ ಸುದ್ದಿ ಮುಟ್ಟಿ ನಿರ್ದೇಶಕರು ಅವರನ್ನು ಕರೆಸಿದರು.

"ಇದನ್ನ ಎಲ್ಲಿ ಮಾಡಿದಿರಿ?"

"ಇಲ್ಲೇ ಸರ್. ಊಟದ ಹೊತ್ತಲ್ಲಿ."

"ಊಟದ ಹೊತ್ತು ಯಾರದಮ್ಮಾ? ಇಲಾಖೆ ಕೊಟ್ಟಿದ್ದು. ಕುರ್ಚಿ ಇಲಾಖೆದು. ನಿಮಗೆ ಆ ಬುದ್ಧಿ ಬಂದಿದ್ದೂ ಇಲಾಖೆ ಫ್ಯಾನಿನ ಗಾಳಿಗೆ. ಲೋಕಕ್ಕೆಲ್ಲ ಹೋಗೋ ವಸ್ತು, ಇಲಾಖೆ ವಿಳಾಸದಿಂದ ಹೋಗಲಿ."

ನಿರ್ದೇಶಕರ ಮುಖವೂ ಜೊತೆಗೇ ಲೋಕಸಂಚಾರ ಹೊರಡುತ್ತದೆಂಬ ವಿಷಯ ಆಗ ಚರ್ಚೆಗೆ ಬರಲಿಲ್ಲ.

ಇ-ಮೇಲ್ ಹೋಯಿತು. ಆ ಗುಂಪಿನ ಬಾಗಿಲು ಕಾಯುವ ಯಂತ್ರ ಕ್ಷಣದಲ್ಲಿ ಅದನ್ನು ಹಿಂದಕ್ಕೆ ಅಟ್ಟಿತು: "ಬಣ್ಣ, ಚಿತ್ರ, ಅಲಂಕಾರ ಸಲ್ಲದು. ಬರಿಯ ಅಕ್ಷರಗಳಲ್ಲಿ ಬರೆಯಿರಿ." ತುರ್ತು ಸಭೆ ಸೇರಿತು. ಭಾವಚಿತ್ರವನ್ನು ಕಪ್ಪುಬಿಳುಪು ಮಾಡಿ ಕಳಿಸಲಾಯಿತು. ಮತ್ತೆ ವಾಪಸು. ಭಾವಚಿತ್ರವನ್ನೇ ಕೈಬಿಡಬಹುದೆಂದು ಪರೀಕ್ಷಕಿ ಸೂಚಿಸಿದ್ದನ್ನು ನಡಾವಳಿಯಲ್ಲಿ ದಾಖಲಿಸದಿರಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಕೊನೆಗೆ ನಮ್ಮ ಹಿರಿಯ ಬೆರಳಚ್ಚುಗಾರ್ತಿ ಕೈಯೆತ್ತಿ, "ಅಕ್ಷರದಲ್ಲೇ ಬೇಕು ಅಂದರೆ ಸಾಹೇಬರನ್ನ ಅಕ್ಷರದಲ್ಲೇ ಮಾಡಿಕೊಡ್ತೀನಿ ಬಿಡಿ" ಎಂದರು. ಚುಕ್ಕಿ, ಅಡ್ಡಗೆರೆ, ನಕ್ಷತ್ರಗಳನ್ನು ಕುಟ್ಟಿ ಕುಟ್ಟಿ ನಿರ್ದೇಶಕರ ಮುಖವನ್ನು ಕಟ್ಟಿದರು. ಎರಡು ಸೊನ್ನೆ ಕಣ್ಣುಗಳಾದವು. ಮೀಸೆ ಓರೆಗೆರೆಗಳಿಂದ ತುಂಬ ಸೊಗಸಾಗಿ ಬಂತು, ನಿಜಕ್ಕಿಂತ ಚೆನ್ನಾಗಿ ಬಂತೆಂದು ಕೆಲವರು ಪಿಸುಗುಟ್ಟಿದರು.

ಬಾಗಿಲ ಯಂತ್ರ ಉತ್ತರಿಸಿತು: "ಸಾಲು ಅಗತ್ಯಕ್ಕಿಂತ ಅಗಲವಾಗಿದೆ."

ಅಗಲವಾಗಿದ್ದದ್ದು ಮೀಸೆಯ ಸಾಲು. ಬೆರಳಚ್ಚುಗಾರ್ತಿ ಎರಡೂ ಬದಿಯಲ್ಲಿ ಕತ್ತರಿಸಿದರು. ಆದರೆ ಅಧಿಕೃತ ಭಾವಚಿತ್ರವು ಅಧಿಕಾರಿಯನ್ನು ಹೋಲತಕ್ಕದ್ದು ಎಂಬ ನಿಯಮವಿರುವುದರಿಂದ, ಕ್ಷೌರಿಕರನ್ನು ಕಚೇರಿಗೇ ಕರೆಸಿ ನಿರ್ದೇಶಕರ ಮೀಸೆಯನ್ನೂ ಅಷ್ಟೇ ಅಳತೆಗೆ ತರಲಾಯಿತು. ಅಳತೆ ಸರಿಯಿದೆಯೆಂದು ಪರೀಕ್ಷಕಿಯೇ ಇಲಾಖೆಯ ಅಳತೆಪಟ್ಟಿ ಹಿಡಿದು ದೃಢೀಕರಿಸಿದರು. ಅವರ ತುಟಿ ಅದುರುತ್ತಿದ್ದುದನ್ನು ನಾನು ನೋಡಿಯೂ ನೋಡದಂತಿದ್ದೆ.

ಈ ಸಲ ಬಾಗಿಲು ತೆರೆಯಿತು. ಓದುಗನ ಉಸ್ತುವಾರಿ ಹೊತ್ತವರು ಗೂಬೆ ಎಂಬುವರು. ಅದು ಅವರೇ ಇಟ್ಟುಕೊಂಡ ಹೆಸರು, ನಮ್ಮದೇನೂ ಪಾತ್ರವಿಲ್ಲ. ಗೂಬೆಯವರು ಬರೆದರು: "ನಿಮ್ಮ ರಿಪೇರಿ ಚೆನ್ನಾಗಿದೆ ಅನ್ನಿಸಿತು. ಅಷ್ಟರಲ್ಲಿ ಕೆಳಗಿನ ಸೂಚನೆ ಓದಿದೆವು. ನಮ್ಮದು ಗುಂಪಿನ ವಿಳಾಸ. ನಮ್ಮಲ್ಲಿ ವಿಳಾಸದಾರರು ಯಾರೆಂದು ನಮಗೇ ತಿಳಿಯದು. ಆದ್ದರಿಂದ ತಮ್ಮ ಆಜ್ಞೆಯಂತೆ ನಾಶಪಡಿಸಿದ್ದೇವೆ. ಏನಿತ್ತೆಂಬುದನ್ನೂ ಮರೆತಿದ್ದೇವೆ."

ನನ್ನ ಕಣ್ಣು ತುಂಬಿ ಬಂತು. ನನ್ನ ಹೆಂಡತಿಯನ್ನು ಬಿಟ್ಟರೆ ನನ್ನ ಅಡಿಬರಹವನ್ನು ಒಬ್ಬರು ಪಾಲಿಸಿದ್ದು ಲೋಕದಲ್ಲಿ ಇದೇ ಮೊದಲು. ನಿರ್ದೇಶಕರು ಆ ಉತ್ತರಕ್ಕೆ ಚೌಕಟ್ಟು ಹಾಕಿಸಿ ಮೊಗಸಾಲೆಯಲ್ಲಿ ತೂಗುಹಾಕಿಸಿದರು.

ಪರೀಕ್ಷಕಿ ಮಾತ್ರ ನನ್ನ ಮೇಜಿನ ಮುಂದೆ ಬಂದು ಕುಸಿದು ಕೂತರು. "ಅಡಿಬರಹದಿಂದ ವಿನಾಯಿತಿ ಕೊಡಿಸಿ ಸರ್. ಕಾಲಿಗೆ ಬೇಕಾದರೂ ಬೀಳ್ತೀನಿ."

ವಿನಾಯಿತಿಯ ಅರ್ಜಿಯನ್ನು ಇ-ಮೇಲ್‌ನಲ್ಲೇ ಸಲ್ಲಿಸಬೇಕೆಂದೂ, ಅದಕ್ಕೂ ಅಡಿಬರಹ ಬೀಳುವುದೆಂದೂ, ವಿನಾಯಿತಿ ಅಧಿಕಾರಿಯ ಹುದ್ದೆ ಖಾಲಿಯಿರುವುದರಿಂದ ವಿಳಾಸದಾರರೇ ಇಲ್ಲದ ಆ ಅರ್ಜಿಯನ್ನು ಯಾರೂ ಓದುವಂತಿಲ್ಲವೆಂದೂ ವಿವರಿಸಿದೆ. ಅವರ ಮುಖ ಸಪ್ಪಗಾಯಿತು. ಪಾಪ ಅನ್ನಿಸಿ, ಬಾಯಿ ತಪ್ಪಿ ಒಂದು ಮಾತು ಹೇಳಿಬಿಟ್ಟೆ: "ಒಂದು ಪತ್ರಕ್ಕೆ ಒಂದೇ ಅಡಿಬರಹ. ಕೊನೆಯಲ್ಲಿ ಆಗಲೇ ಇದ್ದರೆ ನನ್ನ ಯಂತ್ರ ಇನ್ನೊಂದನ್ನು ಹಾಕಲ್ಲ."

ಪರೀಕ್ಷಕಿ ತಟಕ್ಕನೆ ಎದ್ದು ನಿಂತರು.

ಅವರು ಅಡಿಬರಹವನ್ನು ರಿಪೇರಿಯ ಒಳಗೇ, ಅದರ ಕೊನೆಯ ಸಾಲುಗಳಾಗಿ ಸೇರಿಸಿದರು. ಓದುಗ ಇನ್ನು ಮುಂದೆ ಪುಸ್ತಕದ ಕೊನೆಯ ಸಾಲನ್ನು ಓದಿ, ಅದರ ಬೆನ್ನಿಗೇ ನಮ್ಮ ಅಡಿಬರಹವನ್ನೂ ಓದಬೇಕು. ನಿರ್ದೇಶಕರು ಕಡತ ನೋಡಿ ಹುಬ್ಬುಗಂಟಿಕ್ಕಿದರು. "ನನ್ನ ಮುಖ ಎಲ್ಲಿ?"

"ಓದುಗನಿಗೆ ಮುಖ ಓದೋಕೆ ಬರಲ್ಲ ಸರ್. ಅದಕ್ಕೇ ಮಾತಲ್ಲಿ ಹಾಕಿದೀನಿ, ನೋಡಿ."

ನೋಡಿದರು. ಸಹಿ ಹಾಕಿದರು. ನನ್ನ ಯಂತ್ರ ಕೊನೆಯಲ್ಲಿ ಅಡಿಬರಹ ಕಂಡು ತೃಪ್ತಿಯಿಂದ ದಾರಿ ಬಿಟ್ಟಿತು. ಗೂಬೆಯವರೂ ತಕರಾರು ಮಾಡಲಿಲ್ಲ: "ಈಗ ಸೂಚನೆ ಪತ್ರದ್ದಲ್ಲ, ರಿಪೇರಿಯದ್ದು. ನಾಶಪಡಿಸುವ ಬಾಧ್ಯತೆ ನಮಗಿಲ್ಲ. ಇಷ್ಟು ಕಾಲ ಒಂದು ಸಾಲು ಕಡಿಮೆಯಿತ್ತು. ಈಗ ಒಂದೆರಡು ಹೆಚ್ಚಾದರೆ ಯಾರಿಗೇನು ನಷ್ಟ?" ಎಂದು ಬರೆದು ಲೋಕಕ್ಕೆಲ್ಲ ಹಂಚಿಬಿಟ್ಟರು.

ಆ ಭಾನುವಾರ ಪರೀಕ್ಷಕಿಯ ಮನೆಗೆ ಇಲಾಖೆಯ ಪ್ರತಿನಿಧಿಯಾಗಿ ನಾನೂ ಹೋಗಿದ್ದೆ. ತಂದೆಯನ್ನು ಗೋಡೆಯ ಕಡೆಯಿಂದ ಇತ್ತ ತಿರುಗಿಸಿ ಕೂರಿಸುವುದೇ ಸಾಹಸವಾಯಿತು. ಕೊನೆಯ ಅಧ್ಯಾಯ ಶುರುವಾದಾಗ ಅವರು ಎಂಜಿನ್ನಿನಲ್ಲಿ ಕೂತವರಂತೆ ಎರಡೂ ಕೈ ಮುಂದಕ್ಕೆ ಚಾಚಿ ಮೇಜನ್ನು ಹಿಡಿದುಕೊಂಡರು. ಕೊನೆಯ ಸಾಲು ಬರುವ ಹೊತ್ತಿಗೆ ಸರಿಯಾಗಿ ಪರೀಕ್ಷಕಿ ಎರಡೂ ಕಿವಿ ಮುಚ್ಚಿಕೊಂಡರು, ಆ ಪುಸ್ತಕವನ್ನು ಆಮೇಲೆ ತಾವೂ ಕೇಳಬೇಕೆಂದಿದ್ದರಂತೆ. ಓದುಗ ಕೊಲೆಗಾರನ ಹೆಸರು ಹೇಳಿತು. ತಡವಿಲ್ಲದೆ ಅದೇ ದನಿಯಲ್ಲಿ ಮುಂದುವರಿಯಿತು: "ಈ ಸಂದೇಶವು ಗೋಪ್ಯವಾಗಿದ್ದು ವಿಳಾಸದಾರರಿಗೆ ಮಾತ್ರ ಸೇರಿದ್ದಾಗಿದೆ. ತಾವು ವಿಳಾಸದಾರರಲ್ಲದಿದ್ದಲ್ಲಿ ಇದನ್ನು ಕೂಡಲೇ ನಾಶಪಡಿಸಿ, ವಿಷಯವನ್ನು ಮರೆತುಬಿಡತಕ್ಕದ್ದು. ನಿರ್ದೇಶಕರು ನಗುತ್ತಿದ್ದಾರೆ."

ರೈಲು ಚಾಲಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂಡಲೇ ಮುಖ ಗಂಭೀರವಾಯಿತು. ಎಂದೂ ಕೆಂಪು ಸಿಗ್ನಲ್ ದಾಟಿದವರಲ್ಲ ಅವರು. "ಸ್ವಾಮಿ, ನಾನು ವಿಳಾಸದಾರ ಹೌದೋ ಅಲ್ವೋ? ಅಲ್ಲ ಅಂದರೆ ಮರೀಬೇಕಲ್ಲ."

ಪ್ರಶ್ನೆ ನ್ಯಾಯವಾದದ್ದು. ಇದೇ ಪ್ರಶ್ನೆ ಅಷ್ಟರಲ್ಲಾಗಲೇ ನಾನಾ ದೇಶಗಳಿಂದ ಇಲಾಖೆಗೆ ಬಂದು ಬೀಳತೊಡಗಿತ್ತು. ಕೊಲೆಗಾರನನ್ನು ನೆನಪಿಟ್ಟುಕೊಳ್ಳಲು ಅನುಮತಿ ಕೋರಿ ಓದುಗನ ಕೇಳುಗರೆಲ್ಲ ಅರ್ಜಿ ಹಾಕುತ್ತಿದ್ದರು. ನಿರ್ದೇಶಕರು ತಕ್ಕಡಿ ವಿಭಾಗವನ್ನು ಮುಚ್ಚಿ ಆ ಕೋಣೆಯಲ್ಲಿ ವಿಳಾಸದಾರರ ಮಾನ್ಯತಾ ವಿಭಾಗವನ್ನು ತೆರೆದರು. ಶುಲ್ಕ ಅಲ್ಪವಾದರೂ ಅರ್ಜಿ ಅಪಾರ. ಅಂಗಡಿಯವರು ತೂಕದಲ್ಲಿ ಏನು ಮಾಡಿಕೊಂಡರೂ ಈಗ ಕೇಳುವವರಿಲ್ಲ, ಯಾವ ಅಂಗಡಿಯವರಿಂದಲೂ ದೂರು ಬಂದಿಲ್ಲ. ಮಾನ್ಯತಾ ವಿಭಾಗದ ಮುಖ್ಯಸ್ಥನಾಗಿ ನಾನು ಮೊದಲ ಅನುಮತಿಯನ್ನು ರೈಲು ಚಾಲಕರಿಗೇ ಕೊಟ್ಟೆ.

ಅನುಮತಿ ಕೈಸೇರಿದ ದಿನ ಮಗಳು ಅಪ್ಪನ ಪಕ್ಕ ಕೂತು ಕೇಳಿದರಂತೆ: "ಅಪ್ಪಾ, ನನಗಿನ್ನು ಕಾಯೋಕಾಗಲ್ಲ. ಹೇಳಿ, ಯಾರು ಕೊಲೆ ಮಾಡಿದ್ದು? ನೀವು ಅಂದುಕೊಂಡವನೇನಾ?"

"ಹೇಳೋ ಹಾಗಿಲ್ಲಮ್ಮ," ಎಂದರಂತೆ ಅಪ್ಪ, ಬಾಯಿತುಂಬ ನಗುತ್ತಾ. "ಅದು ಗೋಪ್ಯ. ನನ್ನ ಹೆಸರಿಗೆ ಮಾತ್ರ ಬಂದಿದ್ದು."

ಪುಸ್ತಕದ ಕೊನೆಯ ಪುಟ ತೆಗೆದು ನೋಡಿದರೆ ಪರೀಕ್ಷಕಿಗೆ ಒಂದು ಕ್ಷಣದ ಕೆಲಸ. ಆದರೆ ಅವರು ಇಲಾಖೆಯ ನೌಕರರು, ನಿಯಮ ಬಲ್ಲವರು. ಮಾನ್ಯತೆ ಕೋರಿದ ಅವರ ಅರ್ಜಿ ನಮ್ಮ ಪರಿಶೀಲನೆಯಲ್ಲಿದೆ.