ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಬೆಟಗೇರಿಯಲ್ಲಿ ನಮ್ಮದು ಪೆಂಡಾಲಿನ ಅಂಗಡಿ. ಮದುವೆ, ಜವಳ, ಕುಬಸ, ಗೃಹಪ್ರವೇಶ, ಕಾರ್ಯ ಯಾವುದೇ ಇರಲಿ. ಕಂಬ, ಬಟ್ಟೆ, ಕುರ್ಚಿ, ಗಾದಿ, ಅಡುಗೆಯ ದೊಡ್ಡ ಪಾತ್ರೆಗಳು ನಮ್ಮಲ್ಲಿಂದ ಹೋಗುತ್ತವೆ. ಕೇಳಿದವರಿಗೆ ಊಟವನ್ನೂ ಮಾಡಿಸಿಕೊಡುತ್ತೇವೆ. ಮಂದಿಯ ಸಂಭ್ರಮ ಹೊತ್ತುಕೊಂಡು ಊರೂರು ತಿರುಗುವವರಿಗೆ ತಮಾಷೆಗಳು ತಾವಾಗಿಯೇ ಗಂಟುಬೀಳುತ್ತವೆ. ಅದರಲ್ಲೂ ನಾನು ಆ ಪಿಕಪ್ ಗಾಡಿ ತಂದ ಮೇಲೆ ಒಂದು ವಾರವೂ ಸುಮ್ಮನೆ ಹೋಗಲಿಲ್ಲ.

ಕಳುವಾದ ಕ್ಲಚ್

ಗದಗ ಆಗಿನ್ನೂ ಹೊಸ ಜಿಲ್ಲೆ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಹೊರಗಿನ ಕಂಪನಿಯೊಂದು ಕೆಲಸ ಮುಗಿಸಿ ಹೋಗುವಾಗ ತನ್ನ ಹಳೆಯ ಪಿಕಪ್ ಮಾರಿ ಹೋಯಿತು. ಹೊರದೇಶದ ಗಾಡಿ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೂ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನಾನು ತಂದೆ. ಯಾಕೆ ಅಗ್ಗ ಎಂಬುದು ಆಮೇಲೆ ತಿಳಿಯಿತು.

ಅದನ್ನು ಓಡಿಸಲು ಹರ್ತಿಯಿಂದ ಒಬ್ಬ ಡ್ರೈವರನನ್ನು ಕರೆಸಿದೆ. ಲಾರಿ ಓಡಿಸಿ ಪಳಗಿದವನು. ಹತ್ತಿ ಕುಳಿತ, ಕೆಳಗೆ ನೋಡಿದ, ಎಡಗಾಲನ್ನು ಅತ್ತಿತ್ತ ಆಡಿಸಿದ. ಆಮೇಲೆ ಇಳಿದು ಬಂದು ನನ್ನನ್ನು ಬದಿಗೆ ಕರೆದ.

"ಸಾವ್ಕಾರ್ರ, ಒಂದ್ ಮಾತು. ಯಾರೋ ಕ್ಲಚ್ ಕಳವು ಮಾಡ್ಯಾರ."

ನಾನು ಗಾಡಿಯ ರೀತಿ ತಿಳಿಸಿ ಹೇಳಿದೆ. ತಲೆಯಾಡಿಸಿದ. ಪಾತ್ರೆ ಹೇರಿಕೊಂಡು ಹೊರಟೆವು. ಓಣಿ ದಾಟುತ್ತಿದ್ದಂತೆ ಎದುರಿಗೆ ಎಮ್ಮೆ ಬಂತು. ಅಭ್ಯಾಸದ ಮೇಲೆ ಅವನ ಎಡಗಾಲು ಕ್ಲಚ್ ಹುಡುಕಿತು, ಸಿಕ್ಕದ್ದು ಅಗಲವಾದ ಬ್ರೇಕು. ಪೂರಾ ಒತ್ತಿದ. ಗಾಡಿ ಗಕ್ಕನೆ ನಿಂತಿತು. ಹಿಂದಿದ್ದ ಪಾತ್ರೆಗಳು ಮಾತ್ರ ನಿಲ್ಲಲಿಲ್ಲ. ಒಂದು ಮುಚ್ಚಳ ಗಾಡಿಯ ತಲೆಯ ಮೇಲಿಂದ ಹಾರಿ ಎಮ್ಮೆಯ ಮುಂದೆ ಬಿದ್ದು ಗಿರಗಿರನೆ ತಿರುಗಿತು.

"ಹೇಳಿದ್ನಲ್ಲೋ, ಎಡಗಾಲು ಸುಮ್ನ ಇಡು ಅಂತ," ಎಂದೆ.

ಅವನು ಕಾಲನ್ನು ನೋಡಿಕೊಂಡ. "ಹುಟ್ಟಾ ದುಡದ ಕಾಲ್ರಿ. ಒಮ್ಮೆಲೆ ರಜಾ ಕೊಟ್ರ ಸುಮ್ನ ಎಲ್ಲಿ ಇರ್ತದ."

ಅಂದಿನಿಂದ ಅವನು ಎಡಗಾಲನ್ನು ಸೀಟಿನ ಮೇಲೆ ಮಡಿಚಿಟ್ಟುಕೊಂಡು, ಊಟದ ಪಂಕ್ತಿಗೆ ಕುಳಿತವನಂತೆ ಕುಳಿತೇ ಗಾಡಿ ಓಡಿಸುತ್ತಿದ್ದ.

ಆರಲು ಬಿಟ್ಟ ಗಾಡಿ

ಕೆಲವು ತಿಂಗಳಲ್ಲಿ ಗಾಡಿಯ ಗುಣ ಕಾಣಿಸಿತು. ತಂಪಾಗಿದ್ದಾಗ ನೆಟ್ಟಗೆ ಓಡುತ್ತದೆ. ಗೇರ್ ಬಾಕ್ಸ್ ಬಿಸಿಯಾದರೆ ಇಂಜಿನ್ ಭೋರ್ಗರೆಯುತ್ತದೆ, ಗಾಡಿ ಮಾತ್ರ ಹೋಗುವುದಿಲ್ಲ. ನೆರಳಿಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಹೊರಡುತ್ತದೆ. ಹಾದಿಯ ಚಹಾದಂಗಡಿಯವರೆಲ್ಲ ನಮ್ಮ ಗಾಡಿಯ ಸದ್ದು ಕೇಳಿದ ಕೂಡಲೇ ಒಲೆಯ ಮೇಲೆ ಹಾಲು ಇಡತೊಡಗಿದರು.

ಮುಂಡರಗಿಯ ಒಂದು ಮದುವೆಗೆ ಅಡುಗೆ ಪಾತ್ರೆ ಒಯ್ಯುವಾಗ ಗಾಡಿ ಹೀಗೇ ನಿಂತಿತು. ಬೇಸಿಗೆ ಬೇರೆ, ಎಷ್ಟು ಹೊತ್ತಾದರೂ ತಣಿಯಲಿಲ್ಲ. ನಾನು ಮತ್ತು ಡ್ರೈವರ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಅಷ್ಟರಲ್ಲಿ ಮದುಮಗಳ ಸೋದರಮಾವ ಮೋಟಾರ್ ಸೈಕಲ್ ಹತ್ತಿ ನಮ್ಮನ್ನು ಹುಡುಕುತ್ತ ಬಂದರು.

"ಯಾಕ್ರಿ, ಇಲ್ಲೇ ಕುಂತೀರಿ?"

"ಗಾಡಿ ಆರಾಕ ಬಿಟ್ಟೀವ್ರಿ," ಎಂದ ಡ್ರೈವರ.

ಅವರು ಗಾಡಿ ನೋಡಿದರು, ಪಾತ್ರೆ ನೋಡಿದರು. ಸಿಟ್ಟು ಮಾಡಲಿಲ್ಲ. "ಅಲ್ಲಿ ಅಕ್ಕಿ ನೆನಿಯಾಕ ಬಿಟ್ಟಾರ, ಇಲ್ಲಿ ನೀವು ಗಾಡಿ ಆರಾಕ ಬಿಟ್ಟೀರಿ. ಇನ್ನ ಬೀಗರನ್ನ ಎಲ್ಲಿ ಬಿಡೂಣು, ಅದನ್ನೂ ನೀವ ಹೇಳ್ರಿ."

ಒಂದು ಟ್ರ್ಯಾಕ್ಟರ್ ಹಿಡಿದು ಪಾತ್ರೆ ಮುಟ್ಟಿಸಿದೆವು. ಆದರೆ ಸುದ್ದಿ ನಮಗಿಂತ ಮೊದಲೇ ಶಿರಹಟ್ಟಿಗೆ ಮುಟ್ಟಿತ್ತು. ಅಲ್ಲಿ ಒಂದು ದೊಡ್ಡ ಮದುವೆಯ ಕೆಲಸ ನಮಗೆ ಬಂದಿತ್ತು. ಆ ಮನೆಯ ಹಿರಿಯರು ಅಂಗಡಿಗೇ ಬಂದು ಕೇಳಿದರು: "ನಿಮ್ಮ ಗಾಡಿ ದಾರ್ಯಾಗ ಕುಂಡ್ರತದಂತ, ಖರೆ ಏನ್ರಿ?"

"ಇಲ್ರಿ, ಮದವಿ ಅನ್ನೂದ್ರಾಗ ರಿಪೇರಿ ಮಾಡಸ್ತೀವ್ರಿ," ಎಂದೆ.

"ಮಾಡಸ್ರಿ. ಇಲ್ಲಾಂದ್ರ ನಮಗ ಮೊದಲ ಹೇಳ್ರಿ. ನಾವು ಚಕ್ಕಡಿ ಕಟ್ಟತೀವಿ. ಎತ್ತು ನಿಂತ್ರ ಬಾರಕೋಲಾರ ಇರ್ತದ."

ಹೆದರಿಕೆ ಇಲ್ಲದ ಮಿಸ್ತ್ರಿ

ಗದಗಿನಲ್ಲಿ ಕೇಳಿದೆ, ಹುಬ್ಬಳ್ಳಿಯಲ್ಲಿ ಕೇಳಿದೆ. ಇಂಥ ಗೇರ್ ಬಾಕ್ಸ್ ಬಿಚ್ಚುವವರು ಯಾರೂ ಸಿಗಲಿಲ್ಲ. ಹೊಸದು ತರಿಸುವುದೆಂದರೆ ಇನ್ನೊಂದು ಗಾಡಿ ಕೊಂಡ ಹಾಗೆ. ಕಡೆಗೆ ನಮ್ಮ ಓಣಿಯ ಟ್ರ್ಯಾಕ್ಟರ್ ಮಿಸ್ತ್ರಿಯೇ ಮುಂದೆ ಬಂದರು. ವಯಸ್ಸಾದ ಸಾಬರು, ನನ್ನ ತಂದೆಯ ಕಾಲದಿಂದ ಮನೆಯವರಿದ್ದ ಹಾಗೆ. ನಾವೆಲ್ಲ ಅವರನ್ನು ಚಾಚಾ ಅನ್ನುತ್ತೇವೆ.

"ನಿಮ್ಮ ಅಂಗಳದಾಗ ಬಿಚ್ಚೂಣು," ಎಂದರು. "ಸವದ ಪ್ಲೇಟು, ರಬ್ಬರು ಹೊಸಾವು ತರಸ್ರಿ. ಉಳಿದದ್ದು ತೊಳದು ಕೂಡಸೂದು ಅಷ್ಟ."

ನಮ್ಮವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. "ಚಾಚಾ, ಇಂಥಾದ್ದು ಮೊದಲ ಬಿಚ್ಚೀರೇನು?" ಎಂದು ಕೇಳಿದಳು.

"ಇಲ್ಲಮ್ಮಾ."

"ಮತ್ತ ಹೆದರಿಕಿ ಇಲ್ಲ?"

"ಒಮ್ಮೆ ಬಿಚ್ಚಿದ್ರ ಹೆದರಿಕಿ ಇರ್ತಿತ್ತು," ಎಂದರು ಚಾಚಾ.

ಹೊಸ ನಮೂನೆಯ ಪ್ಲೇಟು

ಪೆಂಡಾಲಿನ ಕಬ್ಬಿಣದ ಕಂಬಗಳನ್ನೇ ಮೂರುಕಾಲಿನ ಹಾಗೆ ನಿಲ್ಲಿಸಿ, ಸರಪಳಿ ಕಟ್ಟಿ ಗೇರ್ ಬಾಕ್ಸ್ ಇಳಿಸಿದೆವು. ಕಾಲಿಗೆ ಸಿಗದ ಕ್ಲಚ್ ಇಂಥ ಗಾಡಿಯಲ್ಲಿ ಗೇರ್ ಬಾಕ್ಸಿನ ಒಳಗೇ ಇರುತ್ತದೆ: ಬಳೆಯಂಥ ಪ್ಲೇಟುಗಳು, ಒಂದರ ಮೇಲೊಂದು. ಅವುಗಳ ಮೈಗೆ ಅಂಟಿಸಿದ ಪದರು ಸವೆದು ಸುಟ್ಟು ಕರ್ರಗಾಗಿತ್ತು. ಗಾಡಿ ಎಳೆಯದೆ ಇದ್ದದ್ದು ಅದಕ್ಕೇ. ಹೊಸ ಪ್ಲೇಟುಗಳು ಮುಂಬಯಿಯಿಂದ ಪಾರ್ಸಲ್ಲಿನಲ್ಲಿ ಬಂದವು. ಅವನ್ನು ಕೂಡಿಸುವ ಮೊದಲು ಗೇರ್ ಬಾಕ್ಸಿನ ಎಣ್ಣೆಯಲ್ಲೇ ನೆನೆಹಾಕಬೇಕು. ಆ ಎಣ್ಣೆ ಕೆಂಪಗೆ, ಬ್ಯಾಡಗಿ ಮೆಣಸಿನಕಾಯಿ ಕುದಿಸಿದ ಹಾಗೆ ಇರುತ್ತದೆ. ಮನೆಯವಳ ದೊಡ್ಡ ಬೋಗುಣಿಯಲ್ಲಿ ಎಣ್ಣೆ ಸುರಿದು, ಪ್ಲೇಟು ಮುಳುಗಿಸಿ, ಮೇಲೆ ತಾಟು ಮುಚ್ಚಿ ಪಡಸಾಲೆಯಲ್ಲಿ ಇಟ್ಟೆವು.

ಮಧ್ಯಾಹ್ನ ಲಕ್ಷ್ಮೇಶ್ವರದಿಂದ ಒಬ್ಬ ಗಿರಾಕಿ ಬಂದರು. ಮನೆಯ ವಾಸ್ತುಶಾಂತಿಗೆ ಪೆಂಡಾಲು, ಊಟ ಎರಡನ್ನೂ ನಮಗೇ ಹಚ್ಚುವವರಿದ್ದರು. ಊಟದ ಹೊತ್ತು, ಅಲ್ಲೇ ಕೂಡಿಸಿದೆವು. ರೊಟ್ಟಿ ಮುರಿಯುತ್ತ ಅವರು ಪಕ್ಕದ ತಾಟು ಸರಿಸಿ ನೋಡಿದರು.

"ತಂಗಿ, ಇದೇನು, ಬದನಿಕಾಯಿ ಉಪ್ಪಿನಕಾಯೇನು?"

ಬಡಿಸುತ್ತಿದ್ದ ನನ್ನ ಹೆಂಡತಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿದ್ದ ಚಾಚಾ ಹೇಳಿದರು, "ಕ್ಲಚ್ ಪ್ಲೇಟ್ರಿ."

"ಹೊಸಾ ನಮೂನಿ ಕಾಣಸ್ತದ. ಹುಬ್ಬಳ್ಳಿ ಕಡೀದೇನು?"

"ಮುಂಬೈದ್ರಿ."

"ಎಷ್ಟೊತ್ತು ನೆನಿಬೇಕು?"

"ನಾಳೆ ಮುಂಜಾನಿ ತನಕ."

ಅವರು ಬಗ್ಗಿ ಮೂಸಿ ನೋಡಿ, ತಾಟನ್ನು ಸಾವಕಾಶವಾಗಿ ಮೊದಲಿನ ಹಾಗೇ ಮುಚ್ಚಿದರು. ಏಳುವಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು: "ತಪ್ಪ ತಿಳೀಬ್ಯಾಡ್ರಿ. ನಮ್ಮ ಮನ್ಯಾಗ ಹಳೀ ಮಂದಿ ಅದಾರ. ಮುಂಬೈ ಪ್ಲೇಟ್ ಬ್ಯಾಡ, ಮಾವಿನಕಾಯಿ ಉಪ್ಪಿನಕಾಯಿನ ಇರ್ಲಿ."

ಅವ್ವ ಮಾಡಿದ ಓರಣ

ಗೇರ್ ಬಾಕ್ಸಿನ ಉಳಿದ ಭಾಗಗಳನ್ನು ಚಾಚಾ ಬಾಗಿಲ ಬಳಿ ಹಗ್ಗ ಹೆಣೆದ ಹೊರಸಿನ ಮೇಲೆ ಬಟ್ಟೆ ಹಾಸಿ, ಬಿಚ್ಚಿದ ಸಾಲಿನಲ್ಲೇ ಇಟ್ಟಿದ್ದರು. ಇತ್ತಿಂದ ಬಿಚ್ಚಿದ್ದು, ಅತ್ತಿಂದ ಕೂಡಿಸಬೇಕು. ಯಾರೂ ಮುಟ್ಟಬಾರದೆಂದು ಹೇಳಿ ಶುಕ್ರವಾರದ ನಮಾಜಿಗೆ ಹೋದರು. ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಲಕ್ಕುಂಡಿಯಿಂದ ನನ್ನ ಅತ್ತೆ, ಮಾವ ಬರುವವರಿದ್ದರು. ಮುಟ್ಟಬಾರದೆಂಬ ಮಾತು ಅವ್ವನಿಗೆ ಮುಟ್ಟಿರಲಿಲ್ಲ.

ತಿರುಗಿ ಬಂದಾಗ ಹೊರಸು ಖಾಲಿ. ಬೀಗರು ಬರುವ ಮನೆಯ ಬಾಗಿಲಲ್ಲಿ ಎಣ್ಣೆ ಬಡಿದ ಕಬ್ಬಿಣ ಯಾಕೆಂದು ಅವ್ವ ಎಲ್ಲವನ್ನೂ ಸೋಪಿನ ಪುಡಿ ಹಾಕಿ ತಿಕ್ಕಿ, ತೊಳೆದು, ಒರೆಸಿ, ಪಡಸಾಲೆಯ ಹಲಗೆಯ ಮೇಲೆ ಜೋಡಿಸಿದ್ದಳು. ದೊಡ್ಡದು ಎಡಕ್ಕೆ, ಸಣ್ಣದು ಬಲಕ್ಕೆ, ಬೇಳೆಯ ಡಬ್ಬಿಗಳನ್ನು ಇಟ್ಟ ಹಾಗೆ. ಎಲ್ಲ ಫಳಫಳ ಹೊಳೆಯುತ್ತಿದ್ದವು.

ಚಾಚಾ ಬಂದು ನೋಡಿ, ಗೋಡೆ ಹಿಡಿದು ಕೆಳಗೆ ಕುಳಿತರು. ಶಿರಹಟ್ಟಿಯ ಮದುವೆ ಹತ್ತಿರ ಬಂದಿತ್ತು.

"ಅಮ್ಮಾ, ಇವನ್ನ ಯಾಕ ಮುಟ್ಟಿದ್ರಿ?"

"ಗದ್ಲಾ ಆಗಿತ್ತಪ್ಪ. ಸಣ್ಣಾವು, ದೊಡ್ಡಾವು ಎಲ್ಲಾ ಕಲಬೆರಕಿ. ಈಗ ನೋಡ್ರಿ, ಒಂದ್ ರೀತಿಗೆ ಬಂದಾವ."

"ಅದರಾಗ ದೊಡ್ಡದರ ಮಗ್ಗಲ ಸಣ್ಣದ ಇರಬೇಕಮ್ಮಾ."

"ಯಾರು ಹೇಳ್ಯಾರ?"

"ಮಾಡಿದ ಕಂಪನಿಯವ್ರು."

ಅವ್ವ ತನ್ನ ಸಾಲನ್ನು ಇನ್ನೊಮ್ಮೆ ನೋಡಿ ಹೇಳಿದಳು: "ಅದಕ ಕೆಟ್ಟೈತಿ."

ಒಡೆದ ಹಿಮ್ಮಡಿ

ಯಾವುದು ಯಾವುದರ ಪಕ್ಕದ್ದು ಎಂದು ಪತ್ತೆ ಹಚ್ಚಲು ನಾನು, ಚಾಚಾ ಇಡೀ ಒಂದು ವಾರ ಕುಳಿತೆವು. ಒಂದಕ್ಕೊಂದು ತಿಕ್ಕಿ ಸವೆದ ಗುರುತುಗಳಿದ್ದವು, ಅವೇ ನಮಗೆ ದಾರಿ ತೋರಿಸಿದವು. ಇನ್ನು ಕೂಡಿಸುವ ಕೆಲಸ. ಸಣ್ಣ ಉಕ್ಕಿನ ಗುಂಡುಗಳು ಉರುಳಿ ಬೀಳದಂತೆ ಅವನ್ನು ಅಂಟಿಸಿ ಹಿಡಿಯಲು, ಒಡೆದ ಹಿಮ್ಮಡಿಗೆ ಹಚ್ಚುತ್ತಾರಲ್ಲ, ಆ ಜಿಡ್ಡಿನ ಮುಲಾಮು ಬೇಕೆಂದರು ಚಾಚಾ. ಆಮೇಲೆ ಅದು ಎಣ್ಣೆಯಲ್ಲಿ ಕರಗಿ ಹೋಗುತ್ತದೆ, ತೊಂದರೆ ಇಲ್ಲ. ನಾನು ಓಣಿಯ ಅಂಗಡಿಗೆ ಹೋಗಿ ಇದ್ದಬದ್ದ ಡಬ್ಬಿಗಳನ್ನೆಲ್ಲ ಕೇಳಿದೆ.

ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. ಉರಿ ಬೇಸಿಗೆ. "ಮನಿಮಂದಿಗೆಲ್ಲಾ ಕಾಲು ಒಡದಾವೇನ್ರಿ?"

"ಕಾಲಿಗಲ್ರಿ, ಗಾಡಿಗೆ."

ಅವರು ಡಬ್ಬಿಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, ಮರುಕದಿಂದ ಹೇಳಿದರು: "ಮಲಗೂ ಮುಂದ ಹಚ್ಚಿ ಕಾಲಚೀಲ ಹಾಕ್ರಿ. ಗಾಲಿಗೆ ಹೆಂಗೋ ಏನೋ."

ಲಿಂಬೆಹಣ್ಣು

ಗೇರ್ ಬಾಕ್ಸ್ ಮತ್ತೆ ಗಾಡಿಗೆ ಏರಿತು. ಪೂಜೆ ಇಲ್ಲದೆ ಗಾಡಿ ಹೊರಡಕೂಡದೆಂದು ಅವ್ವ ಹಟ ಹಿಡಿದಳು. ಮುಂಜಾನೆ ಗಾಡಿ ತೊಳೆದು, ವಿಭೂತಿ ಬಳಿದು, ಹೂವಿನ ಮಾಲೆ ಹಾಕಿ, ಮುಂದಿನ ಎರಡು ಗಾಲಿಗಳ ಕೆಳಗೆ ಎರಡು ಲಿಂಬೆಹಣ್ಣು ಇಟ್ಟಳು. ಓಣಿಯವರೆಲ್ಲ ಸೇರಿದ್ದರು. ನಾನು ಸ್ಟಿಯರಿಂಗ್ ಹಿಡಿದು ಕುಳಿತೆ, ಪಕ್ಕದಲ್ಲಿ ಚಾಚಾ. ಅವ್ವ ಕಾಯಿ ಒಡೆದು, ಬದಿಗೆ ಸರಿದು, ಆರತಿ ತಟ್ಟೆ ಹಿಡಿದು ನಿಂತಳು.

ಕೀಲಿ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಗಲಿಲ್ಲ. ಗೇರಿನ ಹಿಡಿಕೆ ಅತ್ತಿತ್ತ ಆಡಿಸಿ ನೋಡಿ ಎಂದರು ಚಾಚಾ. ಹಿಡಿಕೆ ಮುಂದೆ ಹೋಗುವ ಗೇರಿಗೆ ಬಂದಾಗ ಇಂಜಿನ್ ಹೊತ್ತಿಕೊಂಡಿತು. ಎಕ್ಸಿಲರೇಟರ್ ಒತ್ತಿದೆ. ಭೋರೆಂದು ಸದ್ದಾಯಿತು, ಗಾಡಿ ಅಲುಗಲಿಲ್ಲ. ಇನ್ನೂ ಒತ್ತಿದೆ. ಅದೇ ಸದ್ದು. ಶಿರಹಟ್ಟಿಯವರ ಚಕ್ಕಡಿ ನನ್ನ ಕಣ್ಣ ಮುಂದೆ ಬಂತು. ಚಾಚಾನ ಮುಖ ಸಪ್ಪಗಾಯಿತು.

"ಸಾಕು, ನ್ಯೂಟ್ರಲ್ಲಿಗೆ ತಂದು ಬಂದ್ ಮಾಡ್ರಿ," ಎಂದರು.

ಕಾಲು ತೆಗೆದು, ಹಿಡಿಕೆಯನ್ನು ನ್ಯೂಟ್ರಲ್ಲಿಗೆ ತಂದೆ. ಗಾಡಿ ಹಿಂದಕ್ಕೆ ಹೊರಟಿತು.

ಮೆಲ್ಲಗೆ, ಗಾಂಭೀರ್ಯದಿಂದ, ಮಾಲೆ ತೂಗಾಡಿಸಿಕೊಂಡು ಹೊರಟಿತು. ಬದಿಗೆ ನಿಂತಿದ್ದ ಅವ್ವ ಗಾಬರಿಯಾಗಲಿಲ್ಲ. ಆರತಿ ಇನ್ನೂ ಮುಗಿದಿರಲಿಲ್ಲ. ತಟ್ಟೆ ಬೆಳಗುತ್ತ ಗಾಡಿಯ ಹಿಂದೆ, ಅಂದರೆ ಮುಂದೆ, ನಡೆದುಕೊಂಡು ಬಂದಳು. ನಾನು ದಿಗಿಲುಬಿದ್ದು ಬ್ರೇಕು ಹುಡುಕುವಷ್ಟರಲ್ಲಿ ಗಾಡಿ ಹೋಗಿ ಬಾಡಿಗೆ ಗಾದಿಗಳ ರಾಶಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಚಾಚಾ ದೀರ್ಘವಾಗಿ ಉಸಿರುಬಿಟ್ಟರು. "ರಿವರ್ಸ್ ಪಾಸಾತು," ಎಂದರು.

ಇಳಿದು ಗಾಡಿಯ ಕೆಳಗೆ ಹೋಗಿ ನೋಡಿದರೆ, ಹಿಡಿಕೆಯಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ಲನ್ನು ಒಂದು ಮನೆ ತಪ್ಪಿಸಿ ಸಿಕ್ಕಿಸಿದ್ದೆವು. ಹಿಡಿಕೆ ಮುಂದಿನ ಗೇರಿನಲ್ಲಿದ್ದರೆ ಒಳಗೆ ನ್ಯೂಟ್ರಲ್, ನ್ಯೂಟ್ರಲ್ಲಿನಲ್ಲಿದ್ದರೆ ಒಳಗೆ ರಿವರ್ಸ್. ಒಳಗೆ ಎಲ್ಲ ಸರಿಯಿತ್ತು. ಕೇಬಲ್ ಸರಿಮಾಡಿದ ಮೇಲೆ ಗಾಡಿ ಬೆಣ್ಣೆಯ ಹಾಗೆ ಓಡಿತು. ಶಿರಹಟ್ಟಿಯ ಮದುವೆಗೆ ಹಾದಿಯಲ್ಲಿ ಎಲ್ಲೂ ನಿಲ್ಲದೆ ಹೋಗಿ ಬಂದಿತು. ಚಹಾದಂಗಡಿಯವರೇ ಬೇಜಾರು ಮಾಡಿಕೊಂಡರು.

ಆದರೆ ಆ ಮುಂಜಾನೆ ಚಾಚಾ ಇನ್ನೂ ಕೇಬಲ್ ಬಿಗಿಯುತ್ತ ಗಾಡಿಯ ಕೆಳಗೆ ಮಲಗಿದ್ದಾಗಲೇ, ಅವ್ವ ಒಳಗೆ ಹೋಗಿ ಇನ್ನೆರಡು ಲಿಂಬೆಹಣ್ಣು ತಂದಳು. ಬಗ್ಗಿ ಹಿಂದಿನ ಗಾಲಿಗಳ ಹಿಂದೆ ಒಂದೊಂದು ಇಟ್ಟಳು.

"ಹಿಂದ ಯಾಕವ್ವಾ?" ಎಂದೆ.

"ಅದರ ಮನಸಿನಾಗ ಯಾವ ಕಡೆ ಹೋಗೂದೈತೋ ನಮಗೇನು ಗೊತ್ತು. ಎರಡೂ ಕಡೆ ಇರಲಿ."

ಗಾಡಿಯ ಕೆಳಗಿಂದ ಚಾಚಾನ ದನಿ ಬಂತು: "ಅಮ್ಮಾ, ಹಣ್ಣು ಉಳದಿದ್ರ ಎಡಕ್ಕೊಂದು ಬಲಕ್ಕೊಂದು ಇಡ್ರಿ. ಕೂಡಿಸಿದಾಂವ ನಾನು."