ಬಾಯಿಲ್ಲದ ಡಬ್ಬಿ, ಮಸುಕು ಪರದೆ

ಅಂಗಡಿ ಮುಚ್ಚಿಬಿಡಬೇಕು ಅಂತ ನಾನು ಗಟ್ಟಿ ಮನಸ್ಸು ಮಾಡಿದ ದಿನವೇ ಯಾರೋ ಒಬ್ಬರು ಬಂದು ನಗಿಸಿ ಹೋಗುತ್ತಾರೆ. ಹಿಂಗಾಗಿ ಅಂಗಡಿಯೂ ಮುಚ್ಚಿಲ್ಲ, ಮನಸ್ಸೂ ಗಟ್ಟಿಯಾಗಿಲ್ಲ.

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಟಿ.ವಿ. ರಿಪೇರಿ ಅಂಗಡಿ. ಹತ್ತು ವರ್ಷದಿಂದ ವಿಡಿಯೋ ಗೇಮಿನ ಡಬ್ಬಿಗಳನ್ನೂ ಇಟ್ಟಿದ್ದೇನೆ. ಮೊಬೈಲಿನಲ್ಲಿ ಆಡುವ ಆಟವಲ್ಲ; ಟಿ.ವಿ.ಗೆ ಜೋಡಿಸಿ, ಕೈಯಲ್ಲಿ ರಿಮೋಟ್ ಹಿಡಿದು ಆಡುವಂಥದ್ದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಂದ ಕರೆ ಬಂದರೂ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಬಂದವರ ಮೊದಲ ಪ್ರಶ್ನೆ ಒಂದೇ: "ಫೋರ್-ಕೆ ಐತೇನ್ರಿ?" ನಾನು ಹೇಳುತ್ತೇನೆ: ಟಿ.ವಿ. ಚಿತ್ರ ಅಂದರೆ ರಂಗೋಲಿ ಇದ್ದಂತೆ, ಎಲ್ಲಾ ಚುಕ್ಕಿಯ ಕೆಲಸ. ಚುಕ್ಕಿ ಹೆಚ್ಚಿದ್ದಷ್ಟೂ ಚಿತ್ರ ಸ್ವಚ್ಛ. ಫೋರ್-ಕೆಯಲ್ಲಿ ಚುಕ್ಕಿ ಭಾಳ.

ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಇನ್ನೊಂದಿದೆ. ಈ ಡಬ್ಬಿ ಕೇಳಿಕೊಂಡು ಬರುವ ದೊಡ್ಡವರಿಗೆ ಆಟದ ಉಮೇದು ಕಡಿಮೆ. ಏನನ್ನೋ ಮರೆಯಬೇಕಾಗಿರುತ್ತದೆ. ಅವರಾಗಿ ಹೇಳಿದರೆ ಸರಿ, ನಾನು ಕೇಳುವುದಿಲ್ಲ.

ಗೆದ್ದವರು ಯಾರು

ಇಂಡಿಯ ಒಬ್ಬ ಗಣಿತದ ಮಾಸ್ತರರು, ನಿವೃತ್ತರಾದವರು, ಅಂಗಡಿಗೆ ಬಂದು ಕೇಳಿದರು: "ಎದುರಿಗೆ ಕುಂತು ಆಡೋ ಮಿಷನ್ ಐತೇನ್ರಿ?"

ಅವರ ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. ಇಬ್ಬರೂ ದಿನಾ ಸಂಜೆ ಕೇರಂ ಆಡುತ್ತಿದ್ದರಂತೆ. "ಕೇರಂ ಒಬ್ಬನ ಆಡಾಕ ಬರಂಗಿಲ್ಲ ನೋಡ್ರಿ" ಅಂದರು. ಮುಖ ಬೇರೆ ಕಡೆ ತಿರುಗಿಸಿದರು. ನಾನು ಬೇಗ ಬೇಗನೆ ಡಬ್ಬಿಗಳನ್ನು ತೋರಿಸಿದೆ. ಇದ್ದುದರಲ್ಲಿ ದೊಡ್ಡದನ್ನೇ ಆರಿಸಿದರು. ಫೋರ್-ಕೆ.

ಜೋಡಿಸಲು ಇಂಡಿಗೆ ಹೋದೆ. ಮನೆಯಲ್ಲಿ ಹಳೇ ಕಾಲದ ದಪ್ಪ ಟಿ.ವಿ. ಬೆನ್ನು ಜೋಳದ ಚೀಲದಷ್ಟು. ಮೇಲೆ ಕೈಯಿಂದ ಹೆಣೆದ ಉಣ್ಣೆಯ ಹೊದಿಕೆ. ಹಿಂದೆ ನೋಡಿದರೆ ಕೆಂಪು, ಬಿಳಿ, ಹಳದಿ ಮೂರು ತೂತು. ಹೊಸ ಡಬ್ಬಿಯ ಚಪ್ಪಟೆ ಪಿನ್ನಿಗೆ ಅಲ್ಲಿ ಜಾಗವೇ ಇಲ್ಲ. ಚೀಲದಲ್ಲಿದ್ದ ಕನ್ವರ್ಟರ್ ಒಂದನ್ನು ನಡುವೆ ಸಿಕ್ಕಿಸಿದೆ. ಚಿತ್ರವೇನೋ ಬಂತು. ಆದರೆ ಅಷ್ಟು ಚುಕ್ಕಿಗಳು ಆ ಟಿ.ವಿ.ಗೆ ಹೇಗೆ ಹಿಡಿಸಬೇಕು? ಅಕ್ಷರಗಳೆಲ್ಲ ಸತ್ತ ಇರುವೆಯ ಹಾಗೆ ಬಿದ್ದಿದ್ದವು.

"ಸರ್, ಹೊಸಾ ಟಿ.ವಿ. ತಗೊಳ್ರಿ" ಅಂದೆ.

ಮಾಸ್ತರರು ಹೊದಿಕೆಯನ್ನು ಎತ್ತಿ ಮಡಚಿದರು. ಮತ್ತೆ ಬಿಡಿಸಿದರು. "ಇದು ಅಕಿ ಹೆಣದದ್ದು. ಚಪ್ಪಟಿ ಟಿ.ವಿ. ಮ್ಯಾಲೆ ಇದು ಕೂಡತೈತೇನು?"

ನಾನು ಡಬ್ಬಿಯನ್ನು ಹಾಗೇ ಬಿಟ್ಟು ಬಂದೆ. ತಿಂಗಳ ನಂತರ ಫೋನು ಮಾಡಿದೆ. ಆಟ ಹೆಂಗ ನಡದೈತಿ ಅಂತ ಕೇಳಿದೆ.

"ಭಾಳ ಚೊಲೋ ನಡದೈತ್ರಿ. ಸ್ಕೋರ್ ಒಂದು ಕಾಣಂಗಿಲ್ಲ."

"ಮತ್ತ ಯಾರು ಗೆದ್ರು ಅಂತ ಹೆಂಗ ತಿಳೀತೈತ್ರಿ?"

"ಮೂವತ್ತೈದು ವರ್ಷ ಕೇರಂದಾಗ ಅಕಿ ಕಡೆ ಸೋತೇನಿ. ಈಗ ಹ್ಯಾಂಗೂ ಸ್ಕೋರ್ ಕಾಣಂಗಿಲ್ಲ, ದಿನಾ ನಾನ ಗೆದ್ದೇನಿ ಅಂತ ಬಂದ್ ಮಾಡಿ ಮಲಗ್ತೇನಿ!"

ಸ್ವಲ್ಪ ಮಸುಕ ಮಾಡಿ ಕೊಡ್ರಿ

ಸ್ವಚ್ಛ ಮಾಡಿ ಕೊಡ್ರಿ ಅಂತ ಬರುವವರೇ ಎಲ್ಲ. ಮಸುಕು ಮಾಡಿ ಕೊಡ್ರಿ ಅಂತ ಬಂದವರು ಒಬ್ಬರೇ.

ಬಸವನ ಬಾಗೇವಾಡಿಯ ಒಬ್ಬ ನರ್ಸ್ ಬಾಯಾರು. ಡ್ಯೂಟಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದಿದ್ದರು. ಗಂಡ ಸರ್ಕಾರಿ ನೌಕರಿಯ ಪರೀಕ್ಷೆಯನ್ನು ನಾಲ್ಕು ಸಲ ಬರೆದು, ನಾಲ್ಕು ಸಲವೂ ಸ್ವಲ್ಪದರಲ್ಲೇ ನಪಾಸಾದವನು. ಐದನೆಯದಕ್ಕೆ ಓದುತ್ತೇನೆಂದು ಮನೆಯಲ್ಲಿ ಕೂತವನು ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಮ್ ಆಡುತ್ತಾನೆ. ಬೈದರೆ ಮಾತಾಡುವುದಿಲ್ಲ, ಊಟ ಬಿಡುತ್ತಾನೆ. ಡಬ್ಬಿ ಕಸಿದುಕೊಂಡರೆ ಏನು ಮಾಡಿಕೊಳ್ಳುತ್ತಾನೋ ಎಂಬ ಹೆದರಿಕೆ.

"ಅದಕ್ಕ, ಚಿತ್ರ ಸ್ವಲ್ಪ ಮಸುಕ ಮಾಡಿ ಕೊಡ್ರಿ ಕಾಕಾ. ಬ್ಯಾಸತ್ತು ತಾವ ಬಿಡ್ಲಿ" ಅಂದರು.

ಮರುದಿನ ಕೇಬಲ್ ಚೆಕ್ ಮಾಡುವ ನೆವದಲ್ಲಿ ಅವರ ಮನೆಗೆ ಹೋದೆ. ಗಂಡ ಗಡ್ಡ ಬಿಟ್ಟು ಕೂತಿದ್ದ. ಪಕ್ಕದಲ್ಲಿ ಗೋಡೆಯ ಎತ್ತರಕ್ಕೆ ಪುಸ್ತಕ. ನಾನು ಸೆಟ್ಟಿಂಗಿಗೆ ಹೋಗಿ ರೆಸಲ್ಯೂಷನ್ನನ್ನು, ಅಂದರೆ ಚುಕ್ಕಿಯ ಲೆಕ್ಕವನ್ನು, ಎಷ್ಟು ಇಳಿಸಲು ಬರುತ್ತದೋ ಅಷ್ಟೂ ಇಳಿಸಿದೆ. ಒಳ್ಳೇ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಬಸ್ಸಿನಲ್ಲಿ ನಿದ್ದೆಯೂ ಬಂತು.

ಹದಿನೈದು ದಿನಕ್ಕೆ ಬಾಯಾರು ಮತ್ತೆ ಬಂದರು. ಕಣ್ಣು ಕೆಂಪಗಾಗಿದ್ದವು.

"ಏನಾತ್ರಿ? ಆಟ ಬಿಟ್ರೇನ್ರಿ?"

"ಎಲ್ಲಿ ಬಿಡ್ತಾರ್ರಿ! ನನ್ನ ಕಣ್ಣ ಹೋದೂ ಅಂತ ಕುಂತಾರ. ಕಣ್ಣಿನ ಡಾಕ್ಟರಗ ತೋರಿಸಿದ್ವಿ, ಏನೂ ಆಗಿಲ್ಲ ಅಂದ್ರು. ಇವರು ನಂಬವಲ್ರು. ಇನ್ನ ಪ್ರಶ್ನೆಪತ್ರಿಕೆ ಹೆಂಗ ಓದಲಿ ಅಂತ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕ ಒಗದಾರ."

ನಾನು ತಲೆ ತಗ್ಗಿಸಿದೆ.

"ಮೊದಲಿನಂಗ ಮಾಡಿ ಕೊಡ್ರಿ ಕಾಕಾ" ಅಂದರು ಬಾಯಾರು, ಅಳುತ್ತಲೇ ನಗುತ್ತ. "ಆಟ ಬಿಡ್ಲಿ ಅಂತ ಮಾಡಿಸಿದ್ರ ಓದೂದ ಬಿಟ್ರು!"

ಪಾಲು

ಇವರು ನಮ್ಮ ಸಿಂದಗಿಯವರೇ, ಅಣ್ಣ ತಮ್ಮ. ಅಣ್ಣನದು ಗೊಬ್ಬರದ ಅಂಗಡಿ, ತಮ್ಮ ಬಸ್ ಕಂಡಕ್ಟರ್. ಇಬ್ಬರೂ ನಲವತ್ತು ದಾಟಿದವರು. ಕೂಡಿ ಇದ್ದಾಗ ನನ್ನ ಹತ್ತಿರವೇ ಒಂದು ಗೇಮ್ ಡಬ್ಬಿ ಒಯ್ದಿದ್ದರು. ಆಮೇಲೆ ಮನೆ ಪಾಲಾಯಿತು. ನಡುವೆ ಗೋಡೆ ಬಂತು. ಪಾಲು ಮಾಡಲು ಕೂತ ಹಿರಿಯರಿಗೆ ಗೇಮಿನ ಗಂಧ ಇರಲಿಲ್ಲ. ಡಬ್ಬಿ ಒಂದು, ಅದಕ್ಕೆ ಹಾಕುವ ಡಿಸ್ಕುಗಳ ಕಟ್ಟು ಒಂದು. ಎರಡು ಸಾಮಾನು, ಇಬ್ಬರು ಮಕ್ಕಳು. ಡಬ್ಬಿ ತಮ್ಮನಿಗೆ, ಡಿಸ್ಕೆಲ್ಲ ಅಣ್ಣನಿಗೆ ಕೊಟ್ಟು ಎದ್ದರು.

ಅಣ್ಣ ಹೊಸ ಡಬ್ಬಿ ಕೊಳ್ಳಲು ಬಂದ. ನಾನು ಕೇಳಿದೆ, "ಡಿಸ್ಕ್ ಹಾಕೂದು ಬೇಕೋ, ಡಿಸ್ಕ್ ಇಲ್ಲದ್ದೋ?"

"ಅದೆಲ್ಲಾ ಗೊತ್ತಿಲ್ರಿ. ಅವನ ಡಬ್ಬಿಕಿಂತ ತೆಳ್ಳಗ, ಚಂದ ಇರಬೇಕು."

ತೆಳ್ಳಗಿರುವುದು ಡಿಸ್ಕ್ ಇಲ್ಲದ್ದೇ. ಇಂಟರ್ನೆಟ್ಟಿನಿಂದ ಆಟ ಇಳಿಸಿಕೊಂಡು ಆಡಬೇಕು. ನಾನು ಹೇಳುವಷ್ಟರಲ್ಲಿ ಅವನು ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದಿದ್ದ. ಮರುದಿನ ಬಂದು ಟೇಬಲ್ ಮೇಲೆ ಕುಕ್ಕಿದ.

"ಇದಕ್ಕ ಬಾಯಿನ ಇಲ್ಲ! ಡಿಸ್ಕ್ ಎಲ್ಲಿ ತುರಕಲಿ?"

ಅದೇ ವಾರ ತಮ್ಮನೂ ಬಂದ. "ನನ್ನ ಡಬ್ಬಿಗೆ ಬಾಯಿ ಐತಿ, ಹಾಕಾಕ ತುತ್ತಿಲ್ಲ."

ಇಬ್ಬರೂ ಕೂಡಿದರೆ ಎಲ್ಲಾ ಸರಿಹೋಗುತ್ತದಲ್ಲ ಎಂದರೆ, ಅವನ ಹೊಸ್ತಿಲು ತುಳಿಯುವುದಿಲ್ಲ ಎಂದು ಅಣ್ಣ. ಅವರ ಮುಖ ನೋಡುವುದಿಲ್ಲ ಎಂದು ತಮ್ಮ. ಕೊನೆಗೆ ನನ್ನ ಅಂಗಡಿಯ ಬೆಂಚೇ ಆಯಿತು. ಆದಿತ್ಯವಾರ ಮಧ್ಯಾಹ್ನ ಒಬ್ಬ ಡಬ್ಬಿ ತರುತ್ತಾನೆ, ಇನ್ನೊಬ್ಬ ಡಿಸ್ಕ್ ತರುತ್ತಾನೆ. ನಡುವೆ ನಾನು. ಫುಟ್‌ಬಾಲ್ ಆಟ. ಇಬ್ಬರದೂ ಒಂದೇ ತಂಡ, ಆದರೆ ಮಾತೆಲ್ಲ ನನ್ನ ಮೂಲಕ.

"ಅವಗ ಹೇಳ್ರಿ, ಬಾಲ್ ಈ ಕಡೆ ಕೊಡು ಅಂತ."

"ಅವರಿಗೆ ಹೇಳ್ರಿ, ಮೊದಲ ಓಡಾಕ ಕಲೀರಿ ಅಂತ."

ಒಂದು ದಿನ ಕೊನೇ ನಿಮಿಷದಲ್ಲಿ ತಮ್ಮ ಕೊಟ್ಟ ಬಾಲಿಗೆ ಅಣ್ಣ ಗೋಲ್ ಹೊಡೆದ. ಇಬ್ಬರೂ ಚೀರಿ ಎದ್ದು ನಿಂತರು. ಎದ್ದವರು ಒಬ್ಬರನ್ನೊಬ್ಬರು ಗಟ್ಟಿಯಾಗಿ ತಬ್ಬಿಕೊಂಡರು. ನಾನು ನಡುವೆ ಸಿಕ್ಕಿ ಉಸಿರು ಕಟ್ಟಿ ನಿಂತೆ. ಒಂದು ಗಳಿಗೆಯ ಮೇಲೆ ಅವರಿಗೆ ತಮ್ಮ ನಡುವೆ ಮಾತಿಲ್ಲ ಎಂಬುದು ನೆನಪಾಯಿತು.

ಅಣ್ಣ ನನ್ನ ಕಿವಿಯಲ್ಲಿ ಅಂದ: "ಅವಗ ಹೇಳ್ರಿ, ನನ್ನ ಬಿಡು ಅಂತ."

ತಮ್ಮ ಇನ್ನೊಂದು ಕಿವಿಯಲ್ಲಿ: "ಮೊದಲ ಅವರು ಬಿಡ್ಲಿ ಅಂತ ಹೇಳ್ರಿ."

ಇಬ್ಬರೂ ಬಿಡಲೊಲ್ಲರು. ಕಡೆಗೆ ನಾನೇ ಚೀರಿದೆ: "ನನ್ನರೆ ಬಿಡ್ರೋ ಮಾರಾಯರ!"

ಮುದ್ದೇಬಿಹಾಳದ ಫೋಟೋ

ಇದನ್ನು ಹೇಳಲು ನನಗೆ ನಾಚಿಕೆ. ತಪ್ಪು ನನ್ನದೇ.

ಮುದ್ದೇಬಿಹಾಳದ ಒಬ್ಬ ಕಿರಾಣಿ ವ್ಯಾಪಾರಿ ತನಗೆಂದು ಫೋರ್-ಕೆ ಡಬ್ಬಿ ಕೇಳಿದ್ದ. ದೊಡ್ಡ ಟಿ.ವಿ. ಅವನ ಮನೆಯಲ್ಲಿ ಮೊದಲೇ ಇತ್ತು. ಮಾರುವ ಹುರುಪಿನಲ್ಲಿ ನಾನು ಅಂದಿದ್ದೆ, "ಎಂಥಾ ಹಳೇ ಮಸುಕ ಚಿತ್ರ ಇದ್ರೂ ಈ ಡಬ್ಬಿ ಕನ್ನಡಿ ಹಂಗ ಮಾಡಿ ತೋರಿಸತೈತ್ರಿ." ಅಂಗಡಿಕಾರರೆಲ್ಲ ಇಷ್ಟು ಅನ್ನುತ್ತಾರೆ.

ವಾರದಲ್ಲಿ ಅವನ ತಂದೆ ತೀರಿಕೊಂಡರು. ಮೂರನೇ ದಿನ ಫೋನು ಬಂತು: "ಡಬ್ಬಿ ತಗೊಂಡು ಇವತ್ತ ಬರ್ರಿ."

ಸಾವಿನ ಮನೆಗೆ ಗೇಮ್ ಡಬ್ಬಿ ಯಾಕೆ ಎಂದು ತಿಳಿಯದೆ ಹೋದೆ. ಪಡಸಾಲೆಯ ತುಂಬ ಜಮಖಾನೆ, ಮಾತಿಲ್ಲದೆ ಕೂತ ಜನ. ಡಬ್ಬಿಯ ರಟ್ಟಿನ ಮೇಲೆ ಬಂದೂಕು ಹಿಡಿದ ರಾಕ್ಷಸನ ಚಿತ್ರ. ಅದಕ್ಕೆ ಟವೆಲ್ ಹೊದಿಸಿ ಒಳಗೆ ಒಯ್ದೆ. ಏನೋ ಪೂಜಾ ಸಾಮಾನು ಇರಬೇಕೆಂದು ಒಬ್ಬ ಮುದುಕರು ಅದಕ್ಕೆ ಕೈಮುಗಿದರು.

ಮಗ ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟ. "ಅಪ್ಪ ಜನ್ಮದಾಗ ಫೋಟೋ ತೆಗಿಸಿಕೊಂಡವರಲ್ಲ. ಇದೊಂದ ಐತಿ. ಬಂದವರು ನಮಸ್ಕಾರ ಮಾಡಾಕ ಮುಖ ಬೇಕು. ಕನ್ನಡಿ ಹಂಗ ಮಾಡ್ರಿ, ನೀವ ಹೇಳಿದ್ರಲ್ಲ."

ಯಾರದೋ ಮದುವೆಯಲ್ಲಿ ಮೊಬೈಲಿನಿಂದ ತೆಗೆದ ಗುಂಪು ಫೋಟೋ. ನಾಲ್ಕನೇ ಸಾಲಿನ ಮೂಲೆಯಲ್ಲಿದ್ದ ಮುಖವನ್ನು ಕತ್ತರಿಸಿ ತೆಗೆದಿದ್ದರು. ಡಬ್ಬಿ ಜೋಡಿಸಿ ಹಾಕಿದೆ. ಬಾಗಿಲಷ್ಟು ಅಗಲದ ಟಿ.ವಿ. ತುಂಬ ಬರೀ ಚೌಕಗಳು. ಮೂಗಿನ ಜಾಗದಲ್ಲಿ ನಾಲ್ಕು, ಕಣ್ಣಿನ ಜಾಗದಲ್ಲಿ ಎರಡೆರಡು. ಫೋರ್-ಕೆ ಹಚ್ಚಿದೆ. ಚೌಕಗಳು ಇನ್ನೂ ಸ್ವಚ್ಛವಾಗಿ ಕಂಡವು, ಅಷ್ಟೇ.

"ಇದೇನು ಪಗಡಿ ಹಾಸು ತಂದೀರಿ?" ಅಂದರು ಕೈಮುಗಿದ ಮುದುಕರು.

ಮಗ ಪರದೆಯ ಹತ್ತಿರ ಹೋಗಿ ಚೌಕಗಳ ಮೇಲೆ ಕೈಯಾಡಿಸಿದ. ಏನೂ ಸಿಗಲಿಲ್ಲ. ಫೋಟೋದಲ್ಲಿ ಇಲ್ಲದ್ದನ್ನು ಯಾವ ಡಬ್ಬಿಯೂ ತರಲಾರದು, ಮಾರಬೇಕೆಂದು ಸುಳ್ಳು ಹೇಳಿದೆ ಅಂತ ನಾನು ಬಾಯಿಬಿಟ್ಟು ಒಪ್ಪಿಕೊಂಡೆ. ಅವನು ಬೈಯಲಿಲ್ಲ. ಬೈದಿದ್ದರೆ ಚೊಲೋ ಇತ್ತು.

ಅಷ್ಟರಲ್ಲಿ ತೀರಿಕೊಂಡವರ ತಂಗಿ, ಮುದುಕಿ, ಹೊರ್ತಿ ಊರಿನಿಂದ ಬಂದವರು ಅಂಗಳದಲ್ಲಿ ನಿಂತು ಒಮ್ಮೆಲೇ ಅತ್ತರು: "ಅಯ್ಯ ನಮ್ಮಣ್ಣ! ನನ್ನ ಕಡೆನ ನೋಡಾಕತ್ತಾನಲ್ಲ!"

ಎಲ್ಲರೂ ತಿರುಗಿದೆವು. ಎದ್ದು ಅವರ ಪಕ್ಕಕ್ಕೆ ಹೋಗಿ ನೋಡಿದರೆ ಹೌದು, ಚೌಕಗಳು ಕೂಡಿಕೊಂಡು ಮುಖ ಆಗತೊಡಗಿದ್ದವು. ಇನ್ನೂ ಹಿಂದೆ ಸರಿದೆವು. ಕಟ್ಟೆ ಇಳಿದೆವು. ರಸ್ತೆಯಾಚೆಯ ಬೇವಿನ ಗಿಡದ ಬುಡದಿಂದ ನೋಡಿದಾಗ ಮೀಸೆ, ಹಣೆಯ ವಿಭೂತಿ, ಸಿಟ್ಟಿನ ಹುಬ್ಬು, ಎಲ್ಲವೂ ನಿಚ್ಚಳ. ಮಗ ರಸ್ತೆಯಲ್ಲೇ ಅಡ್ಡಬಿದ್ದ. ಬರುತ್ತಿದ್ದ ಟಂಟಂ ಆಟೋ ನಿಂತಿತು.

ಆಮೇಲೆ ತೀರಿಕೊಂಡವರ ಹೆಂಡತಿಯನ್ನು ಇಬ್ಬರು ಹಿಡಿದುಕೊಂಡು ಹೊರಗೆ ತಂದರು. ಆ ತಾಯಿ ಮೂರು ದಿನದಿಂದ ಒಂದು ಮಾತೂ ಆಡಿರಲಿಲ್ಲವಂತೆ. ಗಂಡ ಜನ್ಮವೆಲ್ಲ ಆಲಮಟ್ಟಿ ಕಾಲುವೆಯ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದವರು. ಗಿಡದ ಕೆಳಗೆ ನಿಂತು ಆಕೆ ಬಹಳ ಹೊತ್ತು ನೋಡಿದರು.

"ಇದ್ದಾಗೂ ಹಿಂಗ ಇದ್ರು" ಅಂದರು. "ಆಲಮಟ್ಟಿಯಾಗ ಇದ್ರ ಭಾಳ ಚೊಲೋ ಮನಶ್ಯಾ. ಹತ್ರ ಬಂದ್ರ ತಡಕೊಳ್ಳಾಕ ಆಗತಿದ್ದಿಲ್ಲ."

ಮೊದಲು ನಕ್ಕವನು ಮಗ, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ. ಆಮೇಲೆ ಇಡೀ ರಸ್ತೆ ನಕ್ಕಿತು. ಆ ತಾಯಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಾಬರಿಯಿಂದ ಟಿ.ವಿ. ಕಡೆ ನೋಡುತ್ತ ಪಿಸುಗುಟ್ಟಿದರು:

"ಸಾವಕಾಶ ನಗ್ರಿ! ಕೇಳಿಸಿಕೊಂಡು ಹತ್ರ ಬಂದಾರು!"