ಕಪ್ತಾನ ಮಾಡಿದ್ದು ಸರಿಯೇ?

ಶಿಗ್ಗಾಂವದಲ್ಲಿ ನಮ್ಮ ಸೋದರಮಾವ ಜಗಳಾಡಿ ಇನ್ನೂ ಮಾತು ಬಿಡದ ಮನುಷ್ಯ ಯಾರಾದರೂ ಉಳಿದಿದ್ದರೆ, ಅವನಿಗೆ ಓದಲು ಬರುವುದಿಲ್ಲ ಎಂದೇ ತಿಳಿಯಬೇಕು. ಜನ ಹೊಲದ ಬದುವಿಗಾಗಿ ಜಗಳಾಡುತ್ತಾರೆ, ನಳದ ನೀರಿಗಾಗಿ ಜಗಳಾಡುತ್ತಾರೆ. ನಮ್ಮ ಮಾಮಾ ಜಗಳಾಡಿದ್ದು ಒಂದು ಕಾದಂಬರಿಗಾಗಿ. ಅದೂ ಹಡಗಿನ ಕಾದಂಬರಿ!

ಹೆದ್ದಾರಿಯ ಪಕ್ಕದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸಮುದ್ರವನ್ನು ಕಂಡವನಲ್ಲ. ಹುಬ್ಬಳ್ಳಿಗೆ ಮೋಟಾರಿನ ಸಾಮಾನು ತರಲು ಹೋದವನು ಯಾಕೋ ಇಟ್ಟಿಗೆಯಷ್ಟು ದಪ್ಪನೆಯ ಆ ಪುಸ್ತಕ ಕೊಂಡು ತಂದ. ಕಡಲಡಿಯ ರಾಜ್ಯ, ಹಡಗು ನುಂಗುವ ಹಾವು, ಇವುಗಳ ನಡುವೆ ಒಬ್ಬ ಕಪ್ತಾನ. ಓದಿ ಮುಗಿಸಿದ ಮೇಲೆ ಸುಮ್ಮನಿರಬಾರದೆ? ಕೈಗೆ ಸಿಕ್ಕವರಿಗೆಲ್ಲ ಅದನ್ನು ಓದಲು ಕೊಟ್ಟು ಅಭಿಪ್ರಾಯ ಕೇಳತೊಡಗಿದ. ಕೇಳುತ್ತಿದ್ದದ್ದು ನಮ್ಮ ಅಭಿಪ್ರಾಯ. ಅವನಿಗೆ ಬೇಕಾಗಿದ್ದದ್ದು ನಮ್ಮ ಬಾಯಿಂದ ಅವನದೇ ಅಭಿಪ್ರಾಯ.

ಮೊದಲು ಸಿಕ್ಕವಳು ನಾನು. ಸವಣೂರಿನಿಂದ ಹಬ್ಬಕ್ಕೆಂದು ಹೋಗಿದ್ದೆ.

"ಚಲೋ ಐತಿ ಮಾಮಾ. ಸ್ವಲ್ಪ ಉದ್ದ ಆತು," ಎಂದೆ.

"ಸಮುದ್ರದ ಕತಿ ಉದ್ದ ಇರಲಾರದ ನಿಮ್ಮ ಹಿತ್ತಲದಷ್ಟ ಇರತೈತೇನು?" ಎಂದವನು, ಹಬ್ಬ ಮುಗಿದು ನಾನು ಬಸ್ಸು ಹತ್ತುವವರೆಗೂ ನನ್ನ ಮುಖ ನೋಡಲಿಲ್ಲ.

ಮಾಮಿಯದು ಇನ್ನೂ ಕಷ್ಟದ ಪ್ರಶ್ನೆ. "ಅಲ್ರಿ, ಅಷ್ಟು ಮಂದಿ ತಿಂಗಳಾನುಗಟ್ಟಲೆ ಹಡಗಿನ್ಯಾಗ ಅದಾರ. ಒಬ್ರರ ಒಲಿ ಹಚ್ಚಂಗಿಲ್ಲ. ಏನ ತಿಂತಾರ?" ಮಾಮಾ ಪುಸ್ತಕ ತಿರುವಿ ಹಾಕಿದ. ಉತ್ತರ ಸಿಗಲಿಲ್ಲ. ಆ ಸಿಟ್ಟಿಗೆ ಮನೆಯ ಊಟ ಬಿಟ್ಟು ಖಾನಾವಳಿಗೆ ಹೋದ. ಕಪ್ತಾನ ಉಪವಾಸವಿದ್ದರೂ ಮಾಮಾ ಇರಲಾರ.

ಇಲ್ಲಿಯವರೆಗೆ ನಗುತ್ತಿದ್ದೆವು. ನಗು ನಿಂತದ್ದು ಹಿರೇಕೆರೂರಿನಿಂದ ಗಂಡಿನವರು ಅವನ ಮಗಳನ್ನು ನೋಡಲು ಬಂದ ದಿನ. ಹುಡುಗ ಓದಿದವನು, ಸಭ್ಯ. ದುರದೃಷ್ಟ ನೋಡಿ, ಆ ಕಾದಂಬರಿಯನ್ನೂ ಓದಿದ್ದ! ಮಾಮಾ ಕುರ್ಚಿಯನ್ನು ಮುಂದೆ ಎಳೆದುಕೊಂಡು, "ಹೆಂಗನಿಸ್ತು?" ಎಂದ.

"ಹಾವು ಹಡಗ ನುಂಗೋದು, ಅವೆಲ್ಲಾ ಸಣ್ಣ ಹುಡುಗರ ಕತಿ ಅನಿಸ್ತರಿ," ಎಂದ ಹುಡುಗ.

ಅವಲಕ್ಕಿಯ ತಟ್ಟೆಗಳು ಖಾಲಿಯಾಗುವ ಮೊದಲೇ ಆ ಸಂಬಂಧ ಮುಗಿದಿತ್ತು. ಆ ಹುಡುಗ ಮಗಳ ಮನಸ್ಸಿಗೆ ಬಂದಿದ್ದ; ಅದನ್ನು ಯಾರೂ ಕೇಳಲಿಲ್ಲ. ಅವಳು ಇವತ್ತಿಗೂ ಅಪ್ಪನಿಗೆ ಊಟ ಬಡಿಸುವಾಗ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಇಡುತ್ತಾಳೆ. ಅವನು ತಲೆ ಬಗ್ಗಿಸಿ ಉಣ್ಣುತ್ತಾನೆ.

ಕೊನೆಗೆ ಉಳಿದವನು ಹತ್ತಿರದ ತಡಸ ಊರಿನ ಗೆಳೆಯನೊಬ್ಬ. ಹಿಟ್ಟಿನ ಗಿರಣಿಯವನು, ಚಿಕ್ಕಂದಿನಿಂದ ಜೊತೆಗಾರ. ಕಾದಂಬರಿಯಲ್ಲಿ ಕಪ್ತಾನ ಹಡಗನ್ನು ಉಳಿಸಲೆಂದು ಸ್ವಂತ ತಮ್ಮನನ್ನು ಒಂದು ದ್ವೀಪದಲ್ಲಿ ಬಿಟ್ಟು ಹೋಗುತ್ತಾನೆ. ಸರಿ ಎಂದ ಮಾಮಾ. ತಪ್ಪು, ತಿರುಗಿ ಬರಬೇಕಿತ್ತು ಎಂದ ಗೆಳೆಯ. ಅಂಗಡಿಯ ಮುಂದೆಯೇ ದನಿ ಏರಿತು.

"ನಿನ್ನಂಥಾವ ಕಪ್ತಾನ ಆದ್ರ ಎಲ್ಲಾರೂ ಮುಳಗತಾರ," ಎಂದ ಮಾಮಾ.

"ನಿನ್ನಂಥಾವ ಆದ್ರ ಯಾರೂ ಹಡಗ ಹತ್ತಂಗಿಲ್ಲ," ಎಂದು ಗೆಳೆಯ ಎದ್ದು ಹೋದ. ಮತ್ತೆ ಬರಲಿಲ್ಲ. ಇವನೂ ಹೋಗಲಿಲ್ಲ. ವರುಷಗಳೇ ಕಳೆದವು.

ಹೋದ ಬೇಸಗೆಯಲ್ಲಿ ಆ ಗೆಳೆಯನಿಗೆ ಲಕ್ವಾ ಹೊಡೆಯಿತು. ಸುದ್ದಿ ಕೇಳಿದ ಮಾಮಾ ಒಂದು ಮೋಟಾರನ್ನು ಬಿಚ್ಚುತ್ತ ಕುಳಿತ. ಮರುದಿನ ಬೆಳಿಗ್ಗೆ, ರಜೆಗೆ ಬಂದಿದ್ದ ನಾನು ಅಲ್ಲೇ ಇದ್ದೆ, ಸ್ಕೂಟರ್ ಹೊರತೆಗೆದು "ಹತ್ತು," ಎಂದ.

ತಡಸದ ಮನೆಯಲ್ಲಿ ಮಂಚದ ಸುತ್ತ ನೆಂಟರು ಕುಳಿತಿದ್ದರು. ಅವರು ಏನು ಹೇಳಿದರೂ ಗೆಳೆಯ ಗೋಣು ಆಡಿಸುತ್ತಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದು, "ಮಾತಾಡಸ್ರಿ ಅಂತಾರ ಡಾಕ್ಟರು. ಆದ್ರ ಇವ್ರು ಬಾಯಿನ ತೆಗೀವಲ್ರು ಅಣ್ಣಾರ. ಎಲ್ಲಾದಕ್ಕೂ ಹೂಂ ಅಂದಂಗ ಗೋಣ ಹಾಕತಾರ," ಎಂದಳು.

ಮಾಮಾ ಮಂಚದ ಅಂಚಿಗೆ ಕುಳಿತ. ಹೇಗಿದ್ದೀಯ ಎಂದು ಕೂಡ ಕೇಳಲಿಲ್ಲ.

"ಕಪ್ತಾನ ಮಾಡಿದ್ದ ಬರೋಬ್ಬರಿ ಐತಿ," ಎಂದ. "ತಮ್ಮನ್ನ ಬಿಟ್ಟ ಹೋಗಿದ್ದ ಚಲೋ ಆತು."

ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ನೆಲದೊಳಗೆ ಇಳಿದುಹೋಗುವಂತಾಯಿತು. ಈ ಮನುಷ್ಯನಿಗೆ ಹೊತ್ತುಗೊತ್ತು ಇಲ್ಲವೆ?

ಗೆಳೆಯನ ಗೋಣು ನಿಂತಿತು. ಮುಖ ಕೆಂಪಾಯಿತು. ಸೊಟ್ಟಗಾದ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ತ... ಪ್ಪ."

"ಏನಂದಿ? ಕೇಳಸಲಿಲ್ಲ."

"ತಪ್ಪ... ಲೇ."

ಅವನ ಹೆಂಡತಿ ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಳಿತಳು. ಮಾಮಾ ಮಾತ್ರ ಇನ್ನಷ್ಟು ಹತ್ತಿರ ಸರಿದು ಜಗಳ ಮುಂದುವರಿಸಿದ.

ಅಂದಿನಿಂದ ದಿನವೂ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ತಡಸಕ್ಕೆ ಹೋಗಿ ಜಗಳಾಡಿ ಬರುತ್ತಾನೆ. ಗೆಳೆಯನ ಬಾಯಲ್ಲಿ ಈಗ ಪೂರ್ತಿ ಬೈಗುಳಗಳೇ ಬರುತ್ತಿವೆಯಂತೆ.

ಮೊನ್ನೆ ಕೇಳಿಯೇಬಿಟ್ಟೆ. "ಮಾಮಾ, ಖರೇ ಹೇಳು. ಕಪ್ತಾನ ತಿರುಗಿ ಬರಬೇಕಾಗಿತ್ತೋ, ಬ್ಯಾಡೋ?"

ಮಾಮಾ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಂಡ.

"ಬರಬೇಕಾಗಿತ್ತವ್ವಾ," ಎಂದ. "ಅವಗ ಮಾತ್ರ ಹೇಳಬ್ಯಾಡ. ಸುಮ್ಮನಾಗಿಬಿಡತಾನ."